ಹಗುರ ಕಾರಿಗೊಂದು ಅಂಗಿ

ಮನೆ ಮುಂದೆ ನಿಂತಿರುವ ಕಾರಿನ ಬಾಗಿಲನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡಿ. ‘ಟಣ್’ ಎನ್ನುತ್ತದೆ. ಈಗ ಬಂಪರನ್ನು ತಟ್ಟಿ. ‘ಡಬ್’ ಎನ್ನುತ್ತದೆ. ಫ್ರಿಜ್ ಬಾಗಿಲಿಗೆ ಅಂಟಿಸುವ ಅಯಸ್ಕಾಂತದ ಬಿಲ್ಲೆ ಇದ್ದರೆ ಅದನ್ನೂ ಹಿಡಿದು ನೋಡಿ. ಬಾಗಿಲಿಗೆ ಅಂಟಿಕೊಳ್ಳುತ್ತದೆ, ಬಂಪರಿಗೆ ಅಂಟುವುದಿಲ್ಲ. ಬಾಗಿಲು ಉಕ್ಕು, ಬಂಪರ್ ಪ್ಲಾಸ್ಟಿಕ್.

ಕಾರಿನ ಮೈ ಎಂದು ನಾವು ಹೇಳುವುದು ಒಂದೇ ತಗಡಲ್ಲ. ಬಾನೆಟ್, ಬಾಗಿಲು, ಮಡ್‌ಗಾರ್ಡ್, ಡಿಕ್ಕಿಯ ಮುಚ್ಚಳ ಹೀಗೆ ಹತ್ತಾರು ತುಂಡುಗಳು ಸೇರಿ ಅದು ಆಗಿದೆ. ಈ ತುಂಡುಗಳಿಗೆ ಬಾಡಿ ಪ್ಯಾನೆಲ್ ಎನ್ನುತ್ತಾರೆ. ದೊಡ್ಡ ಕಾರ್ಖಾನೆಯಲ್ಲಿ ಭಾರಿ ಪ್ರೆಸ್ ಯಂತ್ರಗಳು ಉಕ್ಕಿನ ಹಾಳೆಯನ್ನು ಒತ್ತಿ ಇವನ್ನು ತಯಾರಿಸುತ್ತವೆ. ಆದರೆ ನಾಲ್ಕೈದು ಜನ ಹುಡುಗರು ಒಂದು ಶೆಡ್ಡಿನಲ್ಲಿ ತಾವೇ ಒಂದು ಪುಟ್ಟ ಸ್ಪೋರ್ಟ್ಸ್ ಕಾರು ಕಟ್ಟಲು ಹೊರಟರೆ? ಅವರಿಗೆ ಪ್ರೆಸ್ ಯಂತ್ರ ಎಲ್ಲಿಂದ ಬರಬೇಕು?

ದೊಡ್ಡಬಳ್ಳಾಪುರದಲ್ಲಿ ನನ್ನ ಮೊಮ್ಮಗ ಮತ್ತು ಅವನ ಎಂಜಿನಿಯರಿಂಗ್ ಕಾಲೇಜಿನ ಗೆಳೆಯರು ಇದನ್ನೇ ಮಾಡಲು ಹೊರಟರು. ಮಗ್ಗಗಳನ್ನು ತೆಗೆದ ಮೇಲೆ ಖಾಲಿ ಬಿದ್ದಿದ್ದ ಒಂದು ಪವರ್‌ಲೂಮ್ ಶೆಡ್ಡು ಅವರಿಗೆ ಸಿಕ್ಕಿತು. ಬೈಕಿನ ಎಂಜಿನ್, ಎರಡು ಸೀಟು, ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಚೌಕಟ್ಟು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಯಂತ್ರಗಳ ವಿದ್ಯೆ ಓದಿದವನಲ್ಲ. ಹುಡುಗರು ನನಗೆ ಒಪ್ಪಿಸಿದ್ದು ತೂಕದ ಲೆಕ್ಕ ಬರೆಯುವ ಕೆಲಸ. ಬೋಲ್ಟಿನಿಂದ ಹಿಡಿದು ಸೀಟಿನವರೆಗೆ ಕಾರಿಗೆ ಸೇರುವ ಪ್ರತಿಯೊಂದನ್ನೂ ತಕ್ಕಡಿಗೆ ಹಾಕಿ ಪುಸ್ತಕದಲ್ಲಿ ಬರೆಯಬೇಕು. ಹಾಗೆ ಬರೆಯುತ್ತ ನಾನು ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಅಜ್ಜ-ಅಜ್ಜಿಯರಿಗೆ ನೆನಪಿರುವ ಕಾರುಗಳು

ಮಕ್ಕಳೇ, ನಿಮ್ಮ ತಾತನನ್ನೋ ಅಜ್ಜಿಯನ್ನೋ ‘ಬಾದಲ್’ ಕಾರು ನೋಡಿದ್ದೀರಾ ಎಂದು ಕೇಳಿ. 1970ರ ದಶಕದಲ್ಲಿ ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ ಮೂರು ಚಕ್ರದ ಕಾರು ಅದು. ಮುಂದೆ ಒಂದು ಚಕ್ರ, ಹಿಂದೆ ಎರಡು. ಹಿಂಭಾಗದಲ್ಲಿ 198 ಸಿಸಿಯ ಪುಟ್ಟ ಎಂಜಿನ್. ಅದರ ಮೈ ಉಕ್ಕಿನದಲ್ಲ, ಫೈಬರ್ ಗ್ಲಾಸಿನದು. ಅಂದರೆ ಗಾಜಿನ ಎಳೆಗಳನ್ನು ರೆಸಿನ್ ಎಂಬ ಅಂಟಿನಲ್ಲಿ ನೆನೆಸಿ ಗಟ್ಟಿಮಾಡಿದ್ದು.

ಅದನ್ನು ತಯಾರಿಸಿದವರೇ ಮುಂದೆ ಸಿಪಾನಿ ಹೆಸರಿನಲ್ಲಿ 1982ರಲ್ಲಿ ‘ಡಾಲ್ಫಿನ್’ ಕಾರನ್ನು ತಂದರು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ‘ಕಿಟನ್’ ಕಾರಿನ ನಮೂನೆ ಅದು. 848 ಸಿಸಿ ಎಂಜಿನ್, ಎರಡು ಬಾಗಿಲು, ಮೈ ಪೂರ್ತಿ ಫೈಬರ್. ಆಗಿನ ಅಂಬಾಸಿಡರ್ ಸಾವಿರದ ನೂರು ಕಿಲೋದಷ್ಟು ತೂಗುತ್ತಿದ್ದರೆ ಇದು ಸುಮಾರು ಅದರ ಅರ್ಧ. ಹಗುರವಾಗಿದ್ದ ಕಾರಣಕ್ಕೇ ಡಾಲ್ಫಿನ್ ದಕ್ಷಿಣದ ಕಾರ್ ರ‍್ಯಾಲಿಗಳಲ್ಲಿ ಹೆಸರು ಮಾಡಿತು. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ನಾಲ್ಕು ಬಾಗಿಲಿನ, ಉಕ್ಕಿನ ಮೈಯ ಆ ಕಾರಿನ ಎದುರು ‘ಪ್ಲಾಸ್ಟಿಕ್ ಕಾರು’ ನಿಲ್ಲಲಾಗಲಿಲ್ಲ.

1990ರ ದಶಕದ ಕೊನೆಯಲ್ಲಿ ‘ಸ್ಯಾನ್ ಸ್ಟಾರ್ಮ್’ ಎಂಬ ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರು ನಮ್ಮ ದೇಶದಲ್ಲಿ ಬಂತು. ಅದರ ವಿನ್ಯಾಸ ಫ್ರಾನ್ಸಿನದು, ಮೈ ಫೈಬರ್ ಗ್ಲಾಸಿನದು. 2001ರಲ್ಲಿ ಬೆಂಗಳೂರಿನಿಂದ ‘ರೇವಾ’ ಎಂಬ ವಿದ್ಯುತ್ ಕಾರು ಹೊರಟಿತು. ಚೇತನ್ ಮೈನಿ ಅವರ ಮುಂದಾಳತ್ವದಲ್ಲಿ ತಯಾರಾದ ಅದರ ಮೈ ಎಬಿಎಸ್ ಎಂಬ ಪ್ಲಾಸ್ಟಿಕ್‌ನದು. ಬಣ್ಣವನ್ನು ಪ್ಲಾಸ್ಟಿಕ್ಕಿನಲ್ಲೇ ಕಲಸಿಬಿಡುತ್ತಿದ್ದರು. ಗೀಚಿದರೂ ಒಳಗಿನಿಂದ ಅದೇ ಬಣ್ಣ ಕಾಣುತ್ತಿತ್ತು, ಒತ್ತಿದರೆ ತಗ್ಗು ಬೀಳದೆ ಮೊದಲಿನಂತಾಗುತ್ತಿತ್ತು.

ಹೊರದೇಶಗಳಲ್ಲೂ ಇಂಥ ಕಥೆಗಳಿವೆ. ಅಮೆರಿಕದ ಷೆವ್ರೊಲೆ ಕಾರ್ವೆಟ್ 1953ರಲ್ಲಿ ಫೈಬರ್ ಮೈ ತೊಟ್ಟು ಬಂತು. ಮೊದಲ ವರ್ಷ ಕಟ್ಟಿದ್ದು ಬರೀ 300. ಪೂರ್ವ ಜರ್ಮನಿಯಲ್ಲಿ ಉಕ್ಕಿನ ಅಭಾವವಿತ್ತು. ಅಲ್ಲಿ 1957ರಿಂದ 1991ರವರೆಗೆ ತಯಾರಾದ ‘ಟ್ರಬಾಂಟ್’ ಕಾರಿನ ಮೈಗೆ ಹತ್ತಿ ಗಿರಣಿಯ ಚಿಂದಿ ಮತ್ತು ರೆಸಿನ್ ಸೇರಿಸಿ ಒತ್ತುತ್ತಿದ್ದರು. ಅಂಥ ಕಾರುಗಳು ಮೂವತ್ತು ಲಕ್ಷದಷ್ಟು ರಸ್ತೆಗಿಳಿದವು. ನೇಕಾರರ ಊರಿನವರಾದ ನಾವು ಈ ಸಂಗತಿಯನ್ನು ವಿಶೇಷವಾಗಿ ನೆನಪಿಡಬೇಕು.

ಜಮಾ-ಖರ್ಚಿನ ಪುಸ್ತಕ

ಕಾರು ಹಗುರವಾಗಿರಬೇಕು ಏಕೆ? ಖಾಲಿ ಸೈಕಲ್ಲನ್ನೂ ಹಿಂದೆ ಅಕ್ಕಿ ಮೂಟೆ ಕಟ್ಟಿದ ಸೈಕಲ್ಲನ್ನೂ ತುಳಿದು ನೋಡಿದವರಿಗೆ ಉತ್ತರ ಗೊತ್ತು. ಮೂಟೆ ಇದ್ದರೆ ವೇಗ ಹಿಡಿಯುವುದೂ ಕಷ್ಟ, ಬ್ರೇಕ್ ಹಾಕಿದಾಗ ನಿಲ್ಲುವುದೂ ಕಷ್ಟ, ತಿರುವಿನಲ್ಲಿ ವಾಲುವ ಭಯ ಬೇರೆ. ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ಎಂಬ ಯುವಕ 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಬಿಚ್ಚಿ, ಪ್ಲೈವುಡ್ಡಿಗೆ ಅಲ್ಯೂಮಿನಿಯಂ ಅಂಟಿಸಿದ ಹಾಳೆಗಳಿಂದ ಅದಕ್ಕೆ ಹೊಸ ಮೈ ತೊಡಿಸಿದ. ಅದೇ ಮೊದಲ ಲೋಟಸ್ ಕಾರು. ದೊಡ್ಡ ಎಂಜಿನ್ ತರುವ ಬದಲು ತೂಕ ಇಳಿಸಿ ಗೆಲ್ಲುವುದು ಅವನ ಹಾದಿಯಾಗಿತ್ತು.

ನಮ್ಮ ಹುಡುಗರು ಮೂರು ವಸ್ತುಗಳನ್ನು ನನ್ನ ಪುಸ್ತಕದ ಮುಂದಿಟ್ಟರು. ಒಂದು ಚದರ ಮೀಟರ್ ಹಾಳೆಯ ಲೆಕ್ಕ ಹೀಗೆ ಬಂತು:

0.8 ಮಿಲಿಮೀಟರ್ ದಪ್ಪದ ಉಕ್ಕು: ಸುಮಾರು ಆರೂಕಾಲು ಕೆ.ಜಿ.
1.2 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ: ಸುಮಾರು ಮೂರೂಕಾಲು ಕೆ.ಜಿ.
2.5 ಮಿಲಿಮೀಟರ್ ದಪ್ಪದ ಫೈಬರ್ ಗ್ಲಾಸ್: ಸುಮಾರು ಮೂರೂಮುಕ್ಕಾಲು ಕೆ.ಜಿ.

‘ಫೈಬರ್ ಮೂರು ಪಟ್ಟು ದಪ್ಪ ಯಾಕೆ?’ ಎಂದು ನೀವು ಕೇಳಬಹುದು. ಫೈಬರ್ ಉಕ್ಕಿನಷ್ಟು ಬಿಗಿಯಲ್ಲ, ಅದೇ ದಪ್ಪವಿದ್ದರೆ ಬಳುಕುತ್ತದೆ. ಆದರೆ ಹಾಳೆಯ ದಪ್ಪ ಎರಡರಷ್ಟಾದರೆ ಅದನ್ನು ಬಗ್ಗಿಸಲು ಎಂಟರಷ್ಟು ಬಲ ಬೇಕು. ಎರಡನ್ನು ಮೂರು ಸಲ ಗುಣಿಸಿದರೆ ಎಂಟಲ್ಲವೇ, ಹಾಗೆ. ಆದ್ದರಿಂದ ದಪ್ಪವನ್ನು ಮೂರು ಪಟ್ಟು ಮಾಡಿದಾಗ ಫೈಬರ್ ಉಕ್ಕಿನಷ್ಟೇ ಬಿಗಿಯಾಗುತ್ತದೆ. ಅಷ್ಟಾದರೂ ತೂಕ ಉಕ್ಕಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ.

ಹಾಗಾದರೆ ಎಲ್ಲಕ್ಕಿಂತ ಹಗುರವಾದ ಅಲ್ಯೂಮಿನಿಯಮ್ಮನ್ನೇ ಎಲ್ಲ ಕಡೆ ಹಾಕಬಹುದಲ್ಲ? ಪಕ್ಕದ ಪ್ಯಾನೆಲ್ಲುಗಳು ಒಂದೇ ದಿಕ್ಕಿನಲ್ಲಿ ಬಾಗಿರುತ್ತವೆ. ಹಾಳೆಯನ್ನು ಕತ್ತರಿಸಿ ಬಗ್ಗಿಸಿದರೆ ಸಾಕು. ಮೂತಿಯ ಪ್ಯಾನೆಲ್ ಹಾಗಲ್ಲ. ಅದು ಉದ್ದಕ್ಕೂ ಬಾಗಿದೆ, ಅಡ್ಡಕ್ಕೂ ಬಾಗಿದೆ. ಕಾಗದವನ್ನು ಚೆಂಡಿಗೆ ಸುತ್ತಿ ನೋಡಿ, ಸುಕ್ಕು ಬೀಳದೆ ಕೂರುವುದಿಲ್ಲ. ಲೋಹವನ್ನು ಹಾಗೆ ಕೂರಿಸಬೇಕಾದರೆ ಮರದ ಸುತ್ತಿಗೆಯಿಂದ ಬಡಿದು ಬಡಿದು ಹಿಗ್ಗಿಸಬೇಕು. ತಂಬಿಗೆ ಬಡಿಯುವ ಕಂಚುಗಾರರಿಗೆ, ಹಳೆಯ ಟಿಂಕರಿಂಗ್ ಮೇಸ್ತ್ರಿಗಳಿಗೆ ಅದು ಕೈಬಂದ ವಿದ್ಯೆ, ಕಲಿಯಲು ವರ್ಷಗಳು ಬೇಕು. ಅದಕ್ಕೆ ಹುಡುಗರು ಪಕ್ಕಗಳನ್ನು ಅಲ್ಯೂಮಿನಿಯಮ್ಮಿನಲ್ಲೂ ಮೂತಿ ಮತ್ತು ಎಂಜಿನ್ ಮುಚ್ಚಳವನ್ನು ಫೈಬರಿನಲ್ಲೂ ಮಾಡುವುದೆಂದು ತೀರ್ಮಾನಿಸಿದರು. ಚಾಪ್‌ಮನ್‌ನ ‘ಲೋಟಸ್ ಸೆವೆನ್’ ಕಾರಿನಲ್ಲೂ 1960ರ ಎರಡನೇ ಮಾದರಿಯಿಂದ ಮೂತಿಗೆ ಫೈಬರ್ ಬಂತು.

ಒಟ್ಟು ಐದು ಚದರ ಮೀಟರ್ ಹೊದಿಕೆ. ಉಕ್ಕಿನಲ್ಲಾದರೆ 31 ಕೆ.ಜಿ ದಾಟುತ್ತಿತ್ತು. ಈ ಬೆರಕೆಯಲ್ಲಿ ಹದಿನೇಳೂವರೆ ಕೆ.ಜಿ ಚಿಲ್ಲರೆ. ಹದಿಮೂರು ಹದಿನಾಲ್ಕು ಕೆ.ಜಿ ಉಳಿತಾಯವನ್ನು ನಾನು ಕೆಂಪು ಶಾಯಿಯಲ್ಲಿ ಬರೆದೆ.

ಬಾಗಿದ ಕಾಗದದ ಬಲ

ತೆಳ್ಳಗಿನ ಹಾಳೆ ಕಾರು ಓಡುವಾಗ ಪಟಪಟ ಬಡಿದುಕೊಳ್ಳಬಾರದು. ಅದಕ್ಕೊಂದು ಉಪಾಯವಿದೆ. ನೋಟ್‌ಬುಕ್ಕಿನ ಒಂದು ಹಾಳೆ ಹರಿದು ಎರಡು ಲೋಟಗಳ ಮೇಲೆ ಸೇತುವೆಯಂತೆ ಇಡಿ. ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟರೂ ಕುಸಿಯುತ್ತದೆ. ಈಗ ಅದೇ ಹಾಳೆಯನ್ನು ಬೀಸಣಿಗೆಯಂತೆ ಮಡಿಸಿ ಇಡಿ. ಹತ್ತಾರು ನಾಣ್ಯ ಹೊರುತ್ತದೆ. ಕೊಟ್ಟಿಗೆಗೆ ಹೊದಿಸುವ ಜಿಂಕ್ ಶೀಟು ಅಲೆಅಲೆಯಾಗಿರುವುದೂ, ಮುತ್ತುಗದ ಎಲೆ ದೊನ್ನೆಯಾದಾಗ ಬಿಸಿ ಸಾರು ಹಿಡಿಯುವುದೂ ಇದೇ ಕಾರಣಕ್ಕೆ.

ಕಾರಿನ ಮೈಮೇಲೆ ನೀವು ಕಾಣುವ ಗೆರೆ, ಉಬ್ಬು, ಮಡಿಕೆಗಳು ಅಂದಕ್ಕೆ ಮಾತ್ರ ಇರುವುದಲ್ಲ. ಒಂದು ಉಬ್ಬುಗೆರೆ ಇದ್ದರೆ ಹಾಳೆಯನ್ನು ಅಷ್ಟು ತೆಳ್ಳಗೆ ಮಾಡಬಹುದು. ಅಂಚನ್ನು ಒಳಕ್ಕೆ ಮಡಿಸಿದರೆ ಇನ್ನಷ್ಟು ಬಿಗಿ ಬರುತ್ತದೆ, ಕೈ ಕೊಯ್ಯುವುದೂ ತಪ್ಪುತ್ತದೆ.

ಗಾಳಿ ಕೇಳುವ ಬಾಡಿಗೆ

ನೆಲಮಂಗಲದ ಹತ್ತಿರ ಹೆದ್ದಾರಿಯ ಬದಿಯಲ್ಲಿ ಬಸ್ಸಿಗೆ ಕಾಯುವಾಗ ಲಾರಿಗಳನ್ನು ಗಮನಿಸಿ. ಕೆಲವು ಲಾರಿಗಳ ಕ್ಯಾಬಿನ್ ಮೇಲೆ ಹಿಂದಕ್ಕೆ ಇಳಿಜಾರಾದ ಟೋಪಿಯಂಥ ಹೊದಿಕೆ ಇರುತ್ತದೆ. ಗಾಳಿ ಹಿಂದಿನ ಪೆಟ್ಟಿಗೆಗೆ ಡಿಕ್ಕಿ ಹೊಡೆಯದೆ ಮೇಲಿಂದ ಜಾರಿಹೋಗಲಿ ಎಂದು ಅದನ್ನು ಹಾಕಿರುತ್ತಾರೆ. ಅದೂ ಬಾಡಿ ಪ್ಯಾನೆಲ್ಲೇ.

ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ನಮ್ಮ ಹುಡುಗರ ಕಾರಿನಷ್ಟು ದೊಡ್ಡ ವಾಹನವನ್ನು ಗಂಟೆಗೆ 60 ಕಿ.ಮೀ ವೇಗದಲ್ಲಿ ಗಾಳಿ ಸುಮಾರು ಒಂಬತ್ತು ಕಿಲೋ ಭಾರದಷ್ಟು ಬಲದಿಂದ ಹಿಂದಕ್ಕೆ ತಳ್ಳುತ್ತದೆ. 120 ಕಿ.ಮೀ ಆದರೆ ಅದು ಮೂವತ್ತಾರು ಕಿಲೋ. ಬ್ಯಾಂಕಿನ ಚಕ್ರಬಡ್ಡಿಗಿಂತ ಜೋರಾಗಿ ಏರುವ ಲೆಕ್ಕ ಇದು.

ಆದರೆ ಗಾಳಿಯನ್ನು ಪೂರ್ತಿ ಹೊರಗಿಡುವಂತೆಯೂ ಇಲ್ಲ. ಎಂಜಿನ್ ತಣ್ಣಗಿರಲು ಮೂತಿಯಲ್ಲಿ ಬಾಯಿ ಬೇಕು. ಒಳಗೆ ಬಂದ ಗಾಳಿ ಹೊರಗೆ ಹೋಗಲು ಇನ್ನೊಂದು ದಾರಿಯೂ ಬೇಕು. ಒಂದೇ ಕಿಟಕಿಯ ಕೋಣೆಯಲ್ಲಿ ಗಾಳಿ ಆಡುತ್ತದೆಯೇ? ಎದುರು ಕಿಟಕಿ ತೆರೆದರೆ ತಾನೇ ಆಡುವುದು? ಹಾಗೆಯೇ ಎಂಜಿನ್ ಮುಚ್ಚಳದ ಹಿಂಬದಿಯಲ್ಲಿ ಸೀಳುಗಳನ್ನು ಬಿಟ್ಟರು.

ಸಕ್ಕರೆ ಅಚ್ಚಿನ ಪಾಠ

ಮೊದಲು ರಟ್ಟಿನ ಕೆಲಸ. ಫ್ರಿಜ್ ಬಂದಿದ್ದ ಪೆಟ್ಟಿಗೆಗಳನ್ನು ಕತ್ತರಿಸಿ ಚೌಕಟ್ಟಿನ ಮೇಲೆ ಕಟ್ಟಿದರು. ತಂಡದಲ್ಲಿ ಎಲ್ಲರಿಗಿಂತ ಎತ್ತರದವನನ್ನೂ ಎಲ್ಲರಿಗಿಂತ ಕುಳ್ಳಗಿನವಳನ್ನೂ ಕೂರಿಸಿ, ಮೊಣಕೈ ತಗಲುತ್ತದೆಯೇ, ರಸ್ತೆ ಕಾಣುತ್ತದೆಯೇ, ಹತ್ತಿ ಇಳಿಯಲು ಆಗುತ್ತದೆಯೇ ನೋಡಿದರು. ರಟ್ಟು ತಪ್ಪಾದರೆ ಇನ್ನೊಂದು ಪೆಟ್ಟಿಗೆ, ಅಷ್ಟೇ ಖರ್ಚು. ಎಡಗಡೆ ಮಾತ್ರ ಬರೆದು, ಕಾಗದ ಮಡಿಸಿ ಬಲಗಡೆಯ ಆಕಾರ ತೆಗೆದರು. ರಂಗೋಲಿಯಲ್ಲಿ ಎರಡು ಕಡೆಯೂ ಒಂದೇ ಬರುವಂತೆ ಚುಕ್ಕಿ ಇಡುವ ಅಜ್ಜಿಗೆ ಇದನ್ನು ವಿವರಿಸಬೇಕಿಲ್ಲ.

ಆಮೇಲೆ ಪ್ಲೈವುಡ್ಡಿನ ಪಕ್ಕೆಲುಬುಗಳ ನಡುವೆ ಥರ್ಮೋಕೋಲ್ ತುಂಬಿ, ಉಜ್ಜಿ, ಮೂತಿಯ ಪೂರ್ತಿ ಗಾತ್ರದ ಮಾದರಿ ಮಾಡಿದರು. ಇಲ್ಲೊಂದು ಎಚ್ಚರಿಕೆ ಬೇಕು. ಪಾಲಿಯೆಸ್ಟರ್ ರೆಸಿನ್ ತಾಗಿದರೆ ಥರ್ಮೋಕೋಲ್ ಬಿಸಿ ಹಾಲಿಗೆ ಬಿದ್ದ ಸಕ್ಕರೆಯಂತೆ ಕರಗಿಹೋಗುತ್ತದೆ. ಅದಕ್ಕೇ ಮೇಲೆ ಪ್ಲಾಸ್ಟರ್ ಬಳಿದು, ಪುಟ್ಟಿ ಹಚ್ಚಿ, ಬಣ್ಣ ಹೊಡೆದರು. ರಾತ್ರಿ ಟ್ಯೂಬ್‌ಲೈಟ್ ಹಚ್ಚಿ ಅದರ ನೆರಳುಗೆರೆ ಮಾದರಿಯ ಮೇಲೆ ಹೇಗೆ ಬೀಳುತ್ತದೆಂದು ನೋಡಿದರು. ಗೆರೆ ಎಲ್ಲಿ ನಡುಗುತ್ತದೋ ಅಲ್ಲಿ ತಗ್ಗಿದೆ ಎಂದರ್ಥ. ದೊಡ್ಡ ಕಂಪನಿಗಳ ವಿನ್ಯಾಸಕಾರರೂ ಹೀಗೆ ಬೆಳಕಿನ ಗೆರೆ ನೋಡಿಯೇ ಮೈಯ ನಯವನ್ನು ಅಳೆಯುತ್ತಾರೆ.

ಮಾದರಿಯ ಮೇಲೆ ಫೈಬರ್ ಹಾಕಿ ಅಚ್ಚು ತೆಗೆಯಬೇಕು. ಅಚ್ಚಿನೊಳಗೆ ಮತ್ತೆ ಫೈಬರ್ ಹಾಕಿದರೆ ಪ್ಯಾನೆಲ್ ಬರುತ್ತದೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕಿದವರಿಗೆ ಇದರ ಗುಟ್ಟು ಗೊತ್ತು. ಮರದ ಅಚ್ಚನ್ನು ಮೊದಲು ನೀರಿನಲ್ಲಿ ನೆನೆಸುತ್ತೇವೆ, ಇಲ್ಲವಾದರೆ ಸಕ್ಕರೆ ಅಂಟಿಕೊಳ್ಳುತ್ತದೆ. ಇಲ್ಲಿ ನೀರಿನ ಬದಲು ಮೇಣ ತಿಕ್ಕುತ್ತಾರೆ. ಆನೆ, ಗಿಳಿ, ಬೃಂದಾವನದ ಅಚ್ಚುಗಳು ಎರಡು ಹೋಳಾಗಿ ಇರುತ್ತವೆ. ಸೊಂಡಿಲು ಒಳಕ್ಕೆ ಬಾಗಿರುವುದರಿಂದ ಒಂದೇ ಹೋಳಿನ ಅಚ್ಚಾದರೆ ಆನೆ ಹೊರಗೇ ಬರುವುದಿಲ್ಲ. ಕಾರಿನ ಮೂತಿಯೂ ಕೆಳಗೆ ಒಳಕ್ಕೆ ತಿರುಗುತ್ತದೆ. ಹಾಗಾಗಿ ಅದರ ಅಚ್ಚೂ ಎರಡು ಹೋಳು, ನಡುವೆ ಬೋಲ್ಟು.

ಇಡ್ಲಿ ತಟ್ಟೆಯ ಗುಳಿ ಮೇಲಕ್ಕೆ ಅಗಲವಾಗುತ್ತ ಹೋಗುತ್ತದೆ. ನೇರ ಗೋಡೆ ಇದ್ದರೆ ಇಡ್ಲಿ ಮುರಿಯದೆ ಏಳುತ್ತಿತ್ತೇ? ಪ್ಯಾನೆಲ್ಲಿನ ಅಂಚುಗಳಿಗೂ ಎರಡು ಮೂರು ಡಿಗ್ರಿಯಷ್ಟಾದರೂ ಓರೆ ಕೊಡಬೇಕು. ಅದನ್ನು ಮೊದಲೇ ಯೋಚಿಸದಿದ್ದರೆ ಎಷ್ಟೇ ಚೆಂದದ ಚಿತ್ರ ಬರೆದರೂ ಅಚ್ಚಿನಿಂದ ಹೊರಬರುವುದಿಲ್ಲ.

ಹಾಸು, ಹೊಕ್ಕು, ಓರೆ

ಮೊದಲ ಮೂತಿ ಅಚ್ಚಿನಿಂದ ಹೊರಬಂದ ದಿನ ಹುಡುಗರು ಸಂಭ್ರಮಪಟ್ಟರು. ತಕ್ಕಡಿಯಲ್ಲಿಟ್ಟರೆ ಎಂಟು ಕೆ.ಜಿ. ನನ್ನ ಪುಸ್ತಕದಲ್ಲಿ ಅದಕ್ಕೆ ಮಂಜೂರಾಗಿದ್ದದ್ದು ನಾಲ್ಕೂವರೆ. ಪಕ್ಕಗಳಲ್ಲಿ ಉಳಿಸಿದ್ದರಲ್ಲಿ ಒಂದು ಭಾಗ ಅಲ್ಲೇ ಕರಗಿತು. ಸಂಭ್ರಮ ಇಳಿಯಿತು.

ಕಾರಣ ಹುಡುಕಿದರು. ಗಾಜಿನ ನಾರು ಎರಡು ಬಗೆಯಲ್ಲಿ ಬರುತ್ತದೆ. ಒಂದು ಮ್ಯಾಟ್. ಕತ್ತರಿಸಿದ ಎಳೆಗಳನ್ನು ಹುಲ್ಲು ಹರಡಿದಂತೆ ಚೆಲ್ಲಾಪಿಲ್ಲಿ ಹರಡಿ ಮಾಡಿದ್ದು. ಇನ್ನೊಂದು ನೇಯ್ದ ಬಟ್ಟೆ. ಮ್ಯಾಟ್ ಒಂದು ಕೆ.ಜಿ ಇದ್ದರೆ ಎರಡು ಕೆ.ಜಿಗಿಂತ ಹೆಚ್ಚು ರೆಸಿನ್ ಕುಡಿಯುತ್ತದೆ. ನೇಯ್ದ ಬಟ್ಟೆಗೆ ಸರಿಸುಮಾರು ಅದರ ತೂಕದಷ್ಟೇ ಸಾಕು. ಬಲ ಕೊಡುವುದು ಗಾಜಿನ ಎಳೆ. ರೆಸಿನ್ ಎಳೆಗಳನ್ನು ಹಿಡಿದಿಡುವ ಅಂಟು ಮಾತ್ರ, ಹೆಚ್ಚಾದರೆ ಬರೀ ಭಾರ. ಹುಡುಗರು ನೇಯ್ದ ಬಟ್ಟೆಯನ್ನೇ ಹಾಕಿದ್ದರು. ಆದರೆ ಮೂತಿಯ ತಿರುವಿನಲ್ಲಿ ಅದು ಸುಕ್ಕುಗಟ್ಟಿತ್ತು. ಸುಕ್ಕನ್ನು ಕತ್ತರಿಸಿ, ಒಂದರ ಮೇಲೊಂದು ತೇಪೆ ಹಾಕಿ, ಸಂದುಗಳಿಗೆಲ್ಲ ರೆಸಿನ್ ತುಂಬಿದ್ದರು. ಎಂಟು ಕೆ.ಜಿ ಬಂದದ್ದು ಹಾಗೆ.

ಶೆಡ್ಡಿನ ಯಜಮಾನರು ಐವತ್ತು ವರ್ಷ ಮಗ್ಗ ನಡೆಸಿದವರು. ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಒಳಗೆ ಬಂದು ಒಂದು ತುಂಡು ಗಾಜಿನ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಎಳೆದರು.

“ನೋಡ್ರಪ್ಪ, ಹಾಸಿನ ಕಡೆ ಎಳೆದ್ರೆ ಬಗ್ಗಲ್ಲ, ಹೊಕ್ಕಿನ ಕಡೆ ಎಳೆದ್ರೂ ಬಗ್ಗಲ್ಲ. ಓರೆ ಎಳೀರಿ, ಹೆಂಗೆ ಬಳುಕ್ತದೆ ನೋಡಿ. ರವಿಕೆ ಹೊಲಿಯೋರು ಸುಮ್ನೆ ಓರೆ ಕತ್ತರಿಸ್ತಾರಾ? ಬಟ್ಟೇನ ಓರೆ ತಿರುಗಿಸಿ ಹಾಸಿ, ನಡುವಿಂದ ಅಂಚಿಗೆ ಸವರ್ಕೊಂಡು ಬನ್ನಿ.”

ನೇಯ್ಗೆಯ ವಿಷಯವನ್ನೂ ಅವರೇ ಹೇಳಿದರು. ಒಂದು ಎಳೆ ಮೇಲೆ ಒಂದು ಎಳೆ ಕೆಳಗೆ ಹೋಗುವ ಸಾದಾ ನೇಯ್ಗೆ ಬಿಗಿಯಾಗಿರುತ್ತದೆ, ಉಬ್ಬುತಗ್ಗಿಗೆ ಕೂರುವುದಿಲ್ಲ. ಎರಡೆರಡು ಎಳೆ ದಾಟಿ ಹೋಗುವ ಟ್ವಿಲ್ ನೇಯ್ಗೆ ಮೆತ್ತಗೆ ಕೂರುತ್ತದೆ. ಜೀನ್ಸ್ ಪ್ಯಾಂಟಿನ ಮೇಲೆ ಓರೆ ಗೆರೆ ಕಾಣುತ್ತದಲ್ಲ, ಅದೇ ಟ್ವಿಲ್. ಈ ಮಾತುಗಳು ಸಂಯುಕ್ತ ವಸ್ತುಗಳ ಪಠ್ಯಪುಸ್ತಕದಲ್ಲೂ ಇವೆ ಎಂದು ಮೊಮ್ಮಗ ಆಮೇಲೆ ತೋರಿಸಿದ. ಒಂದು ಪದರ ನೇರ, ಮುಂದಿನದು 45 ಡಿಗ್ರಿ ಓರೆ ಎಂದು ಹಾಸಿದರೆ ಎಲ್ಲ ದಿಕ್ಕಿನಿಂದಲೂ ಬಲ ಬರುತ್ತದೆ.

ವಿಮಾನ ಕಟ್ಟುವವರೂ ಇದೇ ಲೆಕ್ಕ ಹಿಡಿಯುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ತಯಾರಿಸಿದ ಎರಡು ಸೀಟಿನ ‘ಹಂಸ’ ವಿಮಾನ 1993ರಲ್ಲಿ ಮೊದಲು ಹಾರಿತು. ಅದರ ಮೈ ಪೂರ್ತಿ ಇಂಥ ನಾರು-ರೆಸಿನ್ ವಸ್ತುವಿನದು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ‘ತೇಜಸ್’ ಯುದ್ಧವಿಮಾನದ ಮೈಕಟ್ಟಿನ ತೂಕದಲ್ಲಿ ಸುಮಾರು ಶೇಕಡಾ 45 ಭಾಗ ಕಾರ್ಬನ್ ನಾರಿನಂಥ ಸಂಯುಕ್ತ ವಸ್ತುಗಳು. ನಮ್ಮ ಪಕ್ಕದ ದೇವನಹಳ್ಳಿಯಲ್ಲಿ ಈಗ ವಿಮಾನ ಉದ್ಯಮಗಳ ಪಾರ್ಕು ಬೆಳೆದಿದೆ. ಹಾಸು-ಹೊಕ್ಕು ಬಲ್ಲ ಊರಿನ ಮಕ್ಕಳಿಗೆ ಅಲ್ಲಿಯ ವಿದ್ಯೆ ಪರಕೀಯವೇನಲ್ಲ.

ಎರಡನೇ ಮೂತಿ ತಕ್ಕಡಿಗೆ ಬಂತು. ನಾಲ್ಕು ಕೆ.ಜಿ ಎಂಟುನೂರು ಗ್ರಾಂ. ಮುನ್ನೂರು ಗ್ರಾಂ ಹೆಚ್ಚು ಖರ್ಚು ಎಂದೇ ಬರೆದೆ. ಆದರೆ ಮಂಜೂರು ಮಾಡಿದೆ.

ಅಂಗಿಯ ಕೆಲಸ, ಎಲುಬಿನ ಕೆಲಸ

ಇಷ್ಟು ತೆಳ್ಳಗಿನ ಹೊದಿಕೆ ಅಪಘಾತದಲ್ಲಿ ಕಾಪಾಡುತ್ತದೆಯೇ ಎಂದು ಹಿರಿಯರು ಕೇಳುತ್ತೀರಿ. ಕೇಳಲೇಬೇಕಾದ ಪ್ರಶ್ನೆ ಅದು. ಅಂಗಿ ಬಿಸಿಲು ತಡೆಯುತ್ತದೆ, ಪೆಟ್ಟು ತಡೆಯುವುದಿಲ್ಲ. ಇಂಥ ಕಾರಿನಲ್ಲಿ ಪೆಟ್ಟು ತಡೆಯಬೇಕಾದದ್ದು ಒಳಗಿನ ಚೌಕಟ್ಟು.

ನಮ್ಮ ಬೆಂಗಳೂರಿನ ರೇವಾ ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಿತು. ಅಲ್ಲಿಯ ಕಾನೂನಿನಲ್ಲಿ ಅದು ಪೂರ್ಣ ಕಾರಲ್ಲ, ಭಾರಿ ನಾಲ್ಕು ಚಕ್ರದ ಹಗುರ ವಾಹನಗಳ ಗುಂಪಿಗೆ ಸೇರಿತ್ತು. ಹಾಗಾಗಿ ಕಾರುಗಳಿಗಿದ್ದ ಡಿಕ್ಕಿ ಪರೀಕ್ಷೆ ಅದಕ್ಕೆ ಕಡ್ಡಾಯವಿರಲಿಲ್ಲ. 2007ರಲ್ಲಿ ಅಲ್ಲಿಯ ಒಂದು ಕಾರು ಪತ್ರಿಕೆ ಗಂಟೆಗೆ 64 ಕಿ.ಮೀ ವೇಗದಲ್ಲಿ ಅದರ ಡಿಕ್ಕಿ ಪರೀಕ್ಷೆ ಮಾಡಿಸಿದಾಗ, ಒಳಗಿದ್ದವರಿಗೆ ಪ್ರಾಣಾಪಾಯದ ಗಾಯಗಳಾಗುತ್ತಿದ್ದವು ಎಂಬ ಫಲಿತಾಂಶ ಬಂತು. ಊರೊಳಗೆ ನಿಧಾನವಾಗಿ ಓಡಾಡಲೆಂದು ಮಾಡಿದ ವಾಹನ ಅದು. ಮುಂದೆ ಅದರಲ್ಲಿ ಸುಧಾರಣೆಗಳೂ ಆದವು. ಆ ಕಾರು ಹಲವು ದೇಶಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಾರಾಟವಾಗಿ, ವಿದ್ಯುತ್ ಕಾರಿನ ದಾರಿ ತೋರಿಸಿತು. 2010ರಲ್ಲಿ ಕಂಪನಿ ಮಹೀಂದ್ರ ಸಮೂಹಕ್ಕೆ ಸೇರಿತು. ಆದರೂ ಆ ಪರೀಕ್ಷೆಯ ಪಾಠವನ್ನು ಕಾರು ಕಟ್ಟುವ ಪ್ರತಿ ಹುಡುಗನೂ ಓದಬೇಕು. ಹೊದಿಕೆಯಲ್ಲಿ ಉಳಿಸಿದ ಕಿಲೋಗಳಲ್ಲಿ ಒಂದು ಪಾಲನ್ನು ಕೂತವರ ಸುತ್ತಲಿನ ಚೌಕಟ್ಟಿಗೆ ಮರಳಿ ಕೊಡಬೇಕು.

ಕಾಲೇಜು ಸ್ಪರ್ಧೆಗಳ ಫಾರ್ಮುಲಾ ಕಾರುಗಳಲ್ಲಿ ಚಂದದ ಫೈಬರ್ ಮೂತಿಯ ಹಿಂದೆ, ಡಿಕ್ಕಿಯಾದಾಗ ತಾನು ಜಜ್ಜಿಹೋಗಿ ಪೆಟ್ಟು ನುಂಗುವ ಒಂದು ದಿಮ್ಮಿ ಇರಲೇಬೇಕೆಂಬ ನಿಯಮವಿದೆ. ಜೇನುಗೂಡಿನಂಥ ಅಲ್ಯೂಮಿನಿಯಂ ಅಥವಾ ಗಟ್ಟಿ ಫೋಮ್ ಹಾಕುತ್ತಾರೆ. ಚಾಲಕನ ತಲೆಯ ಮೇಲೆ ಉಕ್ಕಿನ ಕಮಾನು ಬೇಕು. ನಮ್ಮ ಹುಡುಗರು ಅವೆರಡನ್ನೂ ಹಾಕಿದರು. ಆ ದಿನ ಪುಸ್ತಕದಲ್ಲಿ ಆರು ಕೆ.ಜಿ ಖರ್ಚು ಬಿತ್ತು. ಯಾರೂ ಗೊಣಗಲಿಲ್ಲ.

ರಸ್ತೆಗೆ ಇಳಿಸಬಹುದೇ?

ಪ್ಯಾನೆಲ್ಲುಗಳು ಕೂತ ಮೇಲೆ ಕಾರು ಕಾರಿನಂತೆ ಕಂಡಿತು. ಆಗ ಮೊಮ್ಮಗನಿಗೆ ಆಸೆ ಹುಟ್ಟಿತು.

“ತಾತ, ಬೆಳಗಿನ ಜಾವ ಯಾರೂ ಇರಲ್ಲ. ಒಂದೇ ಒಂದ್ಸಲ ನಂದಿ ಬೆಟ್ಟದ ಕಡೆ ಹೋಗ್ಬರ್ತೀವಿ.”

“ಬೇಡ ಕಣಪ್ಪ,” ಎಂದೆ. “ನಂದಿ ರಸ್ತೇಲಿ ಆ ಹೊತ್ತಿಗೆ ಹಾಲಿನ ಕ್ಯಾನ್ ಇಟ್ಕೊಂಡು ಸೈಕಲ್ನಲ್ಲಿ ಬರೋರು ಇರ್ತಾರೆ, ಹೂವಿನ ಬುಟ್ಟಿ ಹೊತ್ತೋರು ಇರ್ತಾರೆ. ನಿಮ್ಮ ಬ್ರೇಕನ್ನ ಯಾರು ಪರೀಕ್ಷೆ ಮಾಡಿದ್ದಾರೆ ಅಂತ ಅವರು ಕೇಳಿದ್ರೆ ಏನು ಹೇಳ್ತೀಯ?”

ಎರಡು ದಿನ ಮುಖ ಊದಿಸಿಕೊಂಡಿದ್ದ. ಆದರೆ ಕಾನೂನು ಅದನ್ನೇ ಹೇಳುತ್ತದೆ. ನಮ್ಮ ದೇಶದಲ್ಲಿ ನೋಂದಣಿ ಇಲ್ಲದ ವಾಹನ ರಸ್ತೆಗಿಳಿಯುವಂತಿಲ್ಲ. ಹೊಸ ಮಾದರಿಯ ವಾಹನ ನೋಂದಣಿಯಾಗಬೇಕಾದರೆ ಮೊದಲು ಪುಣೆಯ ಎಆರ್‌ಎಐಯಂಥ ಅಧಿಕೃತ ಸಂಸ್ಥೆಗಳ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಇದ್ದ ಕಾರಿನ ಮೈಯನ್ನೇ ಬದಲಿಸಿ ಓಡಿಸೋಣವೆಂದರೆ, ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ.

ಹಾಗೆಂದು ಕಾರು ಕಟ್ಟುವ ಕನಸಿಗೆ ಬಾಗಿಲು ಮುಚ್ಚಿಲ್ಲ. ಕಾಲೇಜು ವಿದ್ಯಾರ್ಥಿಗಳಿಗಾಗಿ 2007ರಿಂದ ‘ಬಾಹಾ ಎಸ್‌ಎಇ ಇಂಡಿಯಾ’, 2011ರಿಂದ ‘ಸುಪ್ರಾ ಎಸ್‌ಎಇ ಇಂಡಿಯಾ’ ಸ್ಪರ್ಧೆಗಳು ನಡೆಯುತ್ತಿವೆ. ವಿದ್ಯಾರ್ಥಿಗಳೇ ಕಟ್ಟಿದ ವಾಹನಗಳನ್ನು ಪರಿಣತರು ಬೋಲ್ಟು ಬೋಲ್ಟಾಗಿ ಪರೀಕ್ಷಿಸಿ, ಮುಚ್ಚಿದ ಟ್ರ್ಯಾಕಿನಲ್ಲಿ ಓಡಿಸಲು ಬಿಡುತ್ತಾರೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ‘ಅಶ್ವ ರೇಸಿಂಗ್’ ತಂಡದಂಥ ತಂಡಗಳು ಎಷ್ಟೋ ವರ್ಷಗಳಿಂದ ಇಂಥ ಕಾರು ಕಟ್ಟುತ್ತ ಬಂದಿವೆ. ನಮ್ಮ ಹುಡುಗರ ಕಾರು ಕೂಡ ಅನುಮತಿ ಪಡೆದ ಒಂದು ಖಾಸಗಿ ಮೈದಾನದಲ್ಲಿ, ಹೆಲ್ಮೆಟ್ ಹಾಕಿಕೊಂಡು, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಓಡಿತು. ಪ್ಯಾನೆಲ್ಲುಗಳು ಬಡಿದುಕೊಳ್ಳಲಿಲ್ಲ. ಎಂಜಿನ್ ಕಾಯಲಿಲ್ಲ.

ಮನೆಯಲ್ಲಿ ಮಾಡಿ ನೋಡಿ

ರೆಸಿನ್ ಕೆಲಸ ಮಕ್ಕಳದಲ್ಲ. ಅದರ ಆವಿ ತಲೆಸುತ್ತು ತರುತ್ತದೆ, ಗಾಜಿನ ಪುಡಿ ಚರ್ಮ ತುರಿಸುತ್ತದೆ, ಶ್ವಾಸಕ್ಕೂ ಕೆಟ್ಟದ್ದು. ಅದನ್ನು ಗಟ್ಟಿಮಾಡುವ ಹಾರ್ಡ್‌ನರ್ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ದೊಡ್ಡವರು ಕೂಡ ಗಾಳಿಯಾಡುವ ಜಾಗದಲ್ಲಿ, ಕೈಗವಸು, ಕನ್ನಡಕ, ಸರಿಯಾದ ಮಾಸ್ಕ್ ಹಾಕಿಕೊಂಡೇ ಮಾಡಬೇಕು.

ಆದರೆ ಅದೇ ವಿದ್ಯೆಯನ್ನು ಹಳೆಯ ಪತ್ರಿಕೆ ಮತ್ತು ಮೈದಾ ಗೋಂದಿನಿಂದ ಕಲಿಯಬಹುದು. ಒಂದು ಸ್ಟೀಲ್ ಬಟ್ಟಲನ್ನು ಬೋರಲು ಹಾಕಿ, ಹೊರಮೈಗೆ ಅಡುಗೆ ಎಣ್ಣೆ ಸವರಿ. ಪತ್ರಿಕೆಯ ಪಟ್ಟಿಗಳನ್ನು ಗೋಂದಿನಲ್ಲಿ ಅದ್ದಿ ಒಂದು ಪದರ ಉದ್ದಕ್ಕೆ, ಒಂದು ಪದರ ಅಡ್ಡಕ್ಕೆ, ಒಂದು ಪದರ ಓರೆಗೆ ಅಂಟಿಸಿ. ಎರಡು ದಿನ ಬಿಸಿಲಲ್ಲಿ ಒಣಗಿಸಿ ಬಟ್ಟಲಿನಿಂದ ಬಿಡಿಸಿ. ಮೂರು ಪದರದ್ದೊಂದು, ಆರು ಪದರದ್ದೊಂದು ಮಾಡಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಆಮೇಲೆ ಎರಡರ ಮೇಲೂ ಒಂದೊಂದಾಗಿ ಪುಸ್ತಕ ಹೇರಿ, ಯಾವುದು ಎಷ್ಟು ಪುಸ್ತಕಕ್ಕೆ ಕುಸಿಯಿತು ನೋಡಿ. ತೂಕ ಎಷ್ಟಾಯಿತು, ಹೊತ್ತದ್ದು ಎಷ್ಟು ಎಂದು ಎರಡು ಕಾಲಂ ಎಳೆದು ಬರೆಯಿರಿ. ಕಾಲಂ ಎಳೆಯುವ ಕೆಲಸವನ್ನು ಮನೆಯ ಹಿರಿಯರಿಗೆ ಬಿಡಿ. ಅದರಲ್ಲಿ ಅವರಿಗೆ ಒಳ್ಳೆಯ ಅನುಭವವಿರುತ್ತದೆ.